ಬಾಳೆ ಗಿಡಕ್ಕೆ ಕುಬಸ

ಅದು ನಮ್ಮ ಮನೆಯ ಕೊನೆಯ ಸಾದಾ ದಿನ. ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದೆ. ತವರೂರು ಕಮಲಾಪುರದಿಂದ ಆಗಷ್ಟೇ ಮರಳಿದ್ದ ನನ್ನ ಹೆಂಡತಿ ನೀಲವ್ವ ಸೆರಗಿನ ಗಂಟು ಬಿಚ್ಚಿ, ಮಣ್ಣು ಹತ್ತಿದ ಗಡ್ಡೆಯೊಂದನ್ನು ತೆಗೆದು ಬಚ್ಚಲ ನೀರು ಹರಿಯುವಲ್ಲಿ ಹುಗಿಯುತ್ತಿದ್ದಳು.

“ಏನದು?” ಎಂದೆ.

“ಬಂದಾಗ ನೋಡ್ರಿ. ಈಗ ಹೇಳಿದ್ರ ನಾಳೆನೇ ಕೆದರಿ ನೋಡ್ತೀರಿ.”

ನನ್ನನ್ನು ಅಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಮರುದಿನ ನಿಜಾಮನ ರಜಾಕಾರರು ಬರುತ್ತಾರೆಂಬ ಸುದ್ದಿ ಹಬ್ಬಿ ಕಲಬುರಗಿಯ ನಮ್ಮ ಓಣಿ ಅರ್ಧ ಖಾಲಿಯಾಯಿತು. ನಾವೂ ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಯ ದರ್ಜಿ ರಹೀಮ ಸಾಹೇಬರ ಕೈಗಿತ್ತು ಸೊಲ್ಲಾಪುರದ ಹಾದಿ ಹಿಡಿದೆವು. ಅಲ್ಲಿ ನೀಲವ್ವನಿಗೆ ಜ್ವರ ಬಂತು. ಭಾರತ ಸೇನೆಯ ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ನಾನೊಬ್ಬನೇ ಕಲಬುರಗಿಗೆ ಬಂದೆ.

ರಹೀಮ ಸಾಹೇಬರು ನಮ್ಮ ಮನೆಯ ಒಂದು ಚರಿಗೆಯೂ ಅಲುಗದಂತೆ ಕಾದಿದ್ದರು. ನಾನು ಬರುವ ಹೊತ್ತಿಗೆ ಸೇಡಿನ ದಾಳಿಗೆ ಹೆದರುವ ಸರದಿ ಅವರದಾಗಿತ್ತು. ಕೆಲವು ದಿನ ಅವರ ಕಟ್ಟೆಯ ಮೇಲೆ ನಾನು ಕಾವಲು ಕೂತೆ. ಆ ಮಾತನ್ನು ಆಮೇಲೆ ನಾವಿಬ್ಬರೂ ಎತ್ತಲಿಲ್ಲ.

ಅದು ಮುಗಿದ ಮೇಲೆ ಬಾಗಿಲು ಹಾಕಿಕೊಂಡು ಮಲಗಿಬಿಟ್ಟಿದ್ದೆ. ಒಂದು ದಿನ ಹಿತ್ತಲ ಬಾಗಿಲು ತೆರೆದರೆ ಬಚ್ಚಲ ಬಳಿ ಒಂದು ಗಿಡ! ಕೆಂಪು ದಂಟು, ಸುರುಳಿ ಬಿಚ್ಚುತ್ತಿರುವ ಅಗಲ ಎಲೆ. ನೀಲವ್ವ ನನಗೆ ಏನನ್ನು ಬಿಟ್ಟುಹೋದಳೆಂದು ತಿಳಿಯಲೇಬೇಕಿತ್ತು. ನಾನು ಬಜಾರದ ಬಟ್ಟೆ ಅಂಗಡಿಯಲ್ಲಿ ಕೆಲಸದವನು. ಗಿಡದ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಆದರೆ ಬಣ್ಣ ಗೊತ್ತು! ಎಲೆಯ ಅಂಚನ್ನು ಬಿಸಿಲಿಗೆ ಹಿಡಿದು, ಬೆರಳಲ್ಲಿ ಉಜ್ಜಿ, ಇಳಕಲ್ಲ ಸೀರೆ ಪರೀಕ್ಷಿಸುವ ಗಾಂಭೀರ್ಯದಿಂದ ತೀರ್ಪು ಕೊಟ್ಟೆ. ಇದು ಕಮಲಾಪುರದ ಕೆಂಪು ಬಾಳೆ. ಸಂಶಯವಿಲ್ಲ!

ಎದುರು ಮನೆಯ ಬಸಮ್ಮಕ್ಕನನ್ನು ಕರೆದು ತೋರಿಸಿದೆ. ಆಕೆ ಗಿಡ ನೋಡಿದಳು, ನನ್ನ ಮುಖ ನೋಡಿದಳು.

“ಬಾಳಿ ಏನು?” ಎಂದಳು.

“ಹೌದಕ್ಕ. ಕೆಂಪು ಬಾಳಿ.”

“ಹಂಗಾದ್ರ ಒಲಿ ಬೂದಿ ತಂದು ಹಾಕ್ತೀನಿ ತಮ್ಮಾ. ಬಾಳಿಗಿ ಬೂದಿ ಬೇಕು. ನೀ ಉಂಡೀಯೇನು? ಬಾಳಿ ಬೆಳಸವ ಉಪವಾಸ ಇರಬಾರ್ದು.”

ಇಂಥ ಶಾಸ್ತ್ರ ನಾನು ಕೇಳಿರಲಿಲ್ಲ. ಆದರೂ ಉಂಡೆ.

ರಹೀಮ ಸಾಹೇಬರು ಗಿಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಮಾಶಾಅಲ್ಲಾ! ನನಗ ಎರಡು ಫಣಿ ಇಡ್ರಿ ಭಾಯಿ. ಮರೀಬ್ಯಾಡ್ರಿ ಮತ್ತ,” ಎಂದರು. ಬಾಳೆ ಫಣಿಗೆ, ಅಂದರೆ ಚಿಪ್ಪಿಗೆ, ಬೇಡಿಕೆ ಬಂದ ಕೂಡಲೇ ನಾನು ದೊಡ್ಡ ಮನುಷ್ಯನಾದೆ. ಓಣಿಗೆಲ್ಲ ಹಣ್ಣು ಕೊಡುವೆನೆಂದು ಸಾರಿದೆ. ಪಕ್ಕದಲ್ಲಿ ಮರಿಗಳು ಎದ್ದಾಗ ಅವನ್ನೂ ಹೆಸರಿಟ್ಟು ಹಂಚಿಬಿಟ್ಟೆ. ಅಂಗಡಿಯ ಗಜಕೋಲು ತಂದು ಎತ್ತರ ಅಳೆದೆ. ಗೊನೆಯ ಭಾರಕ್ಕೆ ಗಿಡ ಬಾಗೀತೆಂದು ಬೊಂಬಿನ ಆಸರೆ ನೆಟ್ಟೆ. ದೃಷ್ಟಿ ತಾಗೀತೆಂದು ಹಳೆಯ ಚಪ್ಪಲಿ ಕಟ್ಟಿದೆ. ಗಿಡ ಬಡಕಲಾಗಿತ್ತು. ಚಪ್ಪಲಿಯೇ ಅದಕ್ಕಿಂತ ಭಾರವಿತ್ತು!

ನಾಲ್ಕು ತಿಂಗಳಾಗುವಾಗ ಗಿಡದ ತುದಿ ಉಬ್ಬಿತು. ಅರ್ಥ ಸ್ಪಷ್ಟ. ಗಿಡ ಬಸುರಿ! ಬಸುರಿಗೆ ತವರಿನವರು ಹಸಿರು ಖಣ, ಬಳೆ ತಂದು ಉಡಿ ತುಂಬಿ ಕುಬಸ ಮಾಡುವುದು ನಮ್ಮ ಪದ್ಧತಿ. ನೀಲವ್ವನಿಗೆ ಆ ಭಾಗ್ಯ ಬರಲಿಲ್ಲ. ಅವಳು ನೆಟ್ಟ ಗಿಡಕ್ಕಾದರೂ ಆಗಲಿ ಎಂದುಕೊಂಡು ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ.

ನೀಲವ್ವನ ತಮ್ಮ ಶಿವಪ್ಪ ಬಾಳೆ ತೋಟದವನು. ನನ್ನ ಮಾತು ಕೇಳಿ ಕುಡಿಯುತ್ತಿದ್ದ ನೀರು ಮೂಗಿಗೇರಿಸಿಕೊಂಡ.

“ನಾಕು ತಿಂಗಳಿಗಿ ಬಾಳಿ ಗೊನಿ ಹಾಕ್ತದೇನ್ ಮಾಮಾ?”

“ನಮ್ಮ ಆರೈಕೆ ಹಂಗದ!” ಎಂದೆ.

ಒಳಗಿನಿಂದ ಅತ್ತೆ ಗದರಿದರು. “ಸುಮ್ಮನಿರೋ ಶಿವ್ಯಾ. ಅಳಿಯಾರು ಕರೀಲಾಕ ಬಂದಾರ. ಹೋಗೂದದ.” ಹಸಿರು ಖಣವನ್ನು ಅವರು ಪೇಟೆಯಿಂದ ತರಿಸಲಿಲ್ಲ. ಪೆಟ್ಟಿಗೆಯ ತಳದಿಂದ ತೆಗೆದರು. ಅದನ್ನು ಯಾವಾಗ ಕೊಂಡಿದ್ದರೆಂದು ನಾನು ಕೇಳಲಿಲ್ಲ.

ಕುಬಸದ ದಿನ ಓಣಿಯ ಹೆಂಗಸರೆಲ್ಲ ಆರತಿ ತಟ್ಟೆ ಹಿಡಿದು ಬಂದರು. ಅತ್ತೆ ಶಿವಪ್ಪನ ಬಂಡಿಯಿಂದ ಹೋಳಿಗೆ ಬುಟ್ಟಿ ಇಳಿಸಿದರು. ನಾನು ಇಸ್ತ್ರಿ ಮಾಡಿದ ಧೋತ್ರ ಉಟ್ಟು ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದೆ.

ಗಿಡದ ತುದಿಯಲ್ಲಿ ಕೆಂಪನೆಯ ಹೂವು ಅರಳಿತ್ತು! ಬಾಳೆಯ ಹೂವಲ್ಲ. ಕಚೇರಿಗಳ ಅಂಗಳದಲ್ಲಿ, ಕೊಳಚೆ ನೀರಿನ ದಡದಲ್ಲಿ ಯಾರೂ ಕೇಳದೆ ಬೆಳೆಯುವ ಕಾಬಾಳೆ ಹೂವು. ಎಲೆ ಬಾಳೆಯಂತೆ, ಹಣ್ಣು ಮಾತ್ರ ಜನ್ಮದಲ್ಲಿ ಇಲ್ಲ.

ಚಪ್ಪಲಿ ಗಾಳಿಗೆ ತೂಗುತ್ತಿತ್ತು.

ಅತ್ತೆ ಗಿಡದ ಹತ್ತಿರ ಹೋಗಿ ಹೂವಿನ ಗಲ್ಲ ಮುಟ್ಟಿದರು. “ಕುಬಸಕ್ಕ ತಡ ಆತು ಅಳಿಯಾರ. ಹೆರಿಗಿ ಆಗಿಬಿಟ್ಟದ. ಹೆಣ್ಣು!”

ಹೆಂಗಸರ ನಗು ಹಂಚು ಹಾರುವಂತೆ ಎದ್ದಿತು. ನಾನೂ ನಕ್ಕೆ. ಸೊಲ್ಲಾಪುರದಿಂದ ಬಂದ ಮೇಲೆ ಅದೇ ಮೊದಲು. ಅತ್ತೆ ಕಣ್ಣೊರೆಸಿಕೊಂಡು ಗಿಡಕ್ಕೆ ಖಣ ಸುತ್ತಿ, ಉಡಿ ತುಂಬಿಯೇ ಬಿಟ್ಟರು.

“ಬಸಮ್ಮಕ್ಕ, ನಿನಗ ಮೊದಲೇ ಗೊತ್ತಿತ್ತೇನು?”

“ಎರಡನೇ ಎಲಿಗೇ ಗೊತ್ತಿತ್ತು. ಓಣಿಗೆಲ್ಲ ಗೊತ್ತಿತ್ತು.”

“ಮತ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಮತ್ತ ಬಾಗಲಾ ಹಾಕ್ಕೊಂಡು ಮಲಗ್ತಿದ್ದಿ. ಬಾಳಿ ಅಂತ ಎದ್ದು ನೀರು ಹಾಕ್ಲಾಕತ್ತಿದ್ದಿ, ಉಣ್ಣಾಕತ್ತಿದ್ದಿ. ಗಿಡದ ಹೆಸರಿಗೇನವಸರ?”

ಅಷ್ಟರಲ್ಲಿ ಶಿವಪ್ಪ ಬಂಡಿಯ ಹುಲ್ಲಿನಡಿಯಿಂದ ದೊಡ್ಡದೊಂದು ಗೊನೆ ಎಳೆದ. ಅಚ್ಚ ಕೆಂಪು ಬಾಳೆ! ನನ್ನ ಮಾತು ಉಳಿಯಲೆಂದು ಅವನು ಕಮಲಾಪುರದಿಂದಲೇ ಹೇರಿಕೊಂಡು ಬಂದಿದ್ದ. ರಹೀಮ ಸಾಹೇಬರು ಎರಡು ಫಣಿ ಎಣಿಸಿ ತೆಗೆದುಕೊಂಡು, ಒಂದು ಹಣ್ಣು ಸುಲಿದು ತಿಂದು, ನಗದೆ ಹೇಳಿದರು. “ನಿಮ್ಮ ಹಿತ್ತಲದ ಹಣ್ಣು ಭಾಳ ಸಿಹಿ ಅದ ಭಾಯಿ.”

ಇಷ್ಟು ತಿಂಗಳು ಇಡೀ ಓಣಿ ಬಾಯಿ ಕಟ್ಟಿಕೊಂಡು ನನ್ನನ್ನು ಸಾಕಿತ್ತು. ಕಾಬಾಳೆ ತಾನಾಗಿಯೇ ಬೆಳೆಯುತ್ತದೆ. ಬೂದಿ, ಆಸರೆ, ಕಾವಲು ಬೇಕಾದದ್ದು ನನಗೇ. ಈ ಋಣವನ್ನು ನಾನು ಯಾವ ಫಣಿಯಿಂದಲೂ ತೀರಿಸಲಾರೆ.

ಅತ್ತೆ ಹೊರಡುವಾಗ ಕೇಳಿದೆ, ಈ ಗಡ್ಡೆ ನಿಮ್ಮ ಮನೆಯದೇ ಎಂದು. ಅವರು ಅಲ್ಲವೆಂದು ತಲೆಯಾಡಿಸಿದರು. ಅವರ ಹಿತ್ತಲಲ್ಲಿ ಕಾಬಾಳೆ ಎಂದೂ ಇರಲಿಲ್ಲವಂತೆ. ಯಾರ ಮನೆಯಲ್ಲಿ ಕೇಳಿ ತಂದಳೋ, ಅದರಲ್ಲಿ ಏನು ಕಂಡು ತಂದಳೋ, ಕಮಲಾಪುರದಲ್ಲಿ ಯಾರಿಗೂ ಗೊತ್ತಿಲ್ಲ.

ಗಿಡದ ಹೆಸರು ಸಿಕ್ಕಿತು. ಉಳಿದದ್ದನ್ನು ಹೇಳಲು ನೀಲವ್ವ ಇಲ್ಲ.