ದುರಗಮ್ಮನವರ ಟಿಪ್ಪಣಿಯೂ ತಮ್ಮ ಭದ್ರವಾದ ವಿಪಿಎನ್ನೂ

ಮಾನ್ಯ ಜಾಲಭದ್ರತಾ ಅಧಿಕಾರಿಗಳೇ,

ಕನಕಗಿರಿಯಿಂದ ಮಹೇಶ್ವರಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ವೈದ್ಯರು ಧ್ವನಿಮುದ್ರಿಸಿದ ರೋಗಿಗಳ ಟಿಪ್ಪಣಿಗಳನ್ನು ಮನೆಯಲ್ಲೇ ಕೂತು ಟೈಪು ಮಾಡಿ, ತಮ್ಮ ಕಂಪನಿಯ ವಿಪಿಎನ್ ಮೂಲಕ ಆಸ್ಪತ್ರೆಗಳಿಗೆ ಕಳಿಸುವವಳು ನಾನು. ಈ ಗುಪ್ತ ದಾರಿಯಲ್ಲಿ ಕಳ್ಳರು ನುಸುಳಲಾರರೆಂದು ತಾವು ತರಬೇತಿಯಲ್ಲಿ ಹೇಳಿದ್ದು ಅಕ್ಷರಶಃ ನಿಜ, ನನಗೇ ನುಸುಳಲಾಗುತ್ತಿಲ್ಲ.

ಕಳೆದ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಅಳವಂಡಿಯ ದುರಗಮ್ಮ ಎಂಬ ರೋಗಿಯ ಟಿಪ್ಪಣಿ ಬಂತು. ನಾಲ್ಕಕ್ಕೆ ಶಸ್ತ್ರಚಿಕಿತ್ಸೆ, ಪೆನಿಸಿಲಿನ್ ಇವರ ಮೈಗೆ ಆಗದು, ಕೊಡಲೇಬಾರದು ಎಂದು ವೈದ್ಯರು ಹೇಳಿದ್ದರು. ಟೈಪು ಮಾಡಿ ಕಳಿಸಹೋದರೆ ವಿಪಿಎನ್ ಕಡಿದುಹೋಯಿತು. ಸಹಾಯವಾಣಿಗೆ ಫೋನು ಮಾಡಿದೆ. ಒಂದೇ ವೈಫೈಗೆ ಮನೆಮಂದಿಯೆಲ್ಲ ಜೋತುಬಿದ್ದಿರುವುದೇ ಕಾರಣವೆಂದು ತಮ್ಮ ಸಿಬ್ಬಂದಿ ಅತ್ಯಂತ ವಿನಯದಿಂದ ಗದರಿಸಿದರು.

ಸರಿ, ಯಲಬುರ್ಗಾದ ಮಗಳ ಜೊತೆ ವಿಡಿಯೊ ಕಾಲಿನಲ್ಲಿದ್ದ ನಮ್ಮತ್ತೆ ಹುಲಗೆಮ್ಮ ಫೋನು ಆರಿಸಿದರು. ನಮ್ಮ ವೈಫೈಯಲ್ಲೇ ಹೊಲಿಗೆಯ ವಿಡಿಯೊ ನೋಡುವ ಪಕ್ಕದ ಮನೆಯ ಇಮಾಮಬಾನು, "ಬ್ಲೌಸಿನ ಕೊರಳು ನಾಳಿ ಕತ್ತರಿಸಿದ್ರೂ ನಡೀತೈತಿ, ಮೊದಲ ನಿಂದು ನೋಡವಾ" ಎಂದು ಕೈಯಲ್ಲಿದ್ದ ಫೋನು ಬಂದ್ ಮಾಡಿದರು. ಆದರೂ ಟಿಪ್ಪಣಿ ಹೋಗಲಿಲ್ಲ. "ಮಿಕ್ಸಿನೂ ಬಂದ್ ಮಾಡೇನಿ, ಈಗರ ಹೋಗ್ತೈತೇನು ನೋಡು" ಎಂದರು ಅತ್ತೆ. ಈ ತ್ಯಾಗಕ್ಕೂ ತಮ್ಮ ವಿಪಿಎನ್ ಕರಗಲಿಲ್ಲ.

ಮೂರೂ ಮುಕ್ಕಾಲಾಯಿತು. ಟಿಪ್ಪಣಿಯ ಮೇಲಿದ್ದ ಗಂಗಾವತಿಯ ವಾರ್ಡಿನ ನಂಬರಿಗೆ ನೇರವಾಗಿ ಫೋನು ಹಚ್ಚಿದೆ. ನರ್ಸ್ ಮೆಹಜಬೀನ ಬರೆದುಕೊಂಡು, ವೈದ್ಯರನ್ನು ಕೇಳಿ ಖಚಿತಪಡಿಸಿಕೊಂಡು, ತಿರುಗಿ ಫೋನು ಮಾಡಿ, "ಛಲೋ ಆತ್ರಿ ಅಕ್ಕಾರ, ಅದ ಇಂಜೆಕ್ಷನ್ ಕೊಡಾಕಂತ ತಗದಿಟ್ಟಿದ್ವಿ" ಅಂದಮೇಲೆ ಅತ್ತೆಗೆ ಮಿಕ್ಸಿ ಹಚ್ಚಲು ಹೇಳಿದೆ.

ಮರುದಿನ ತಮ್ಮಿಂದ ಎರಡು ಪತ್ರ ಬಂದವು. ಆ ಮಧ್ಯಾಹ್ನ ಕಂಪನಿಯ ಸರ್ವರೇ ಮಲಗಿ ಎಲ್ಲರ ವಿಪಿಎನ್ನೂ ನಿಂತಿತ್ತೆಂಬ ವಿಷಾದ ಒಂದರಲ್ಲಿ. ರೋಗಿಯ ಗುಟ್ಟನ್ನು ಫೋನಿನಲ್ಲಿ ಆಡಿದ್ದಕ್ಕೆ ವಾರದೊಳಗೆ ತಪ್ಪೊಪ್ಪಿಗೆ ಬರೆಯದಿದ್ದರೆ ಕೆಲಸ ಹೋಗುತ್ತದೆಂಬ ಎಚ್ಚರಿಕೆ ಇನ್ನೊಂದರಲ್ಲಿ.

ತಪ್ಪೊಪ್ಪಿಗೆ ಬರೆಯಲಾರೆ. ಬದಲಿಗೆ, ಸರ್ವರ್ ಮಲಗುವ ವೇಳೆಯನ್ನು ತಾವು ಮುಂಚಿತವಾಗಿ ತಿಳಿಸಿದರೆ, ಕಾಯಿಲೆ ಬೀಳುವುದನ್ನು ಮುಂದೂಡುವಂತೆ ರೋಗಿಗಳನ್ನು ವಿನಂತಿಸಿಕೊಳ್ಳುವ ಹೊಣೆ ನನ್ನದು. ನಿನ್ನೆ ಸ್ವಂತ ಕಾಲ ಮೇಲೇ ನಡೆದು ಮನೆಗೆ ಹೋದ ದುರಗಮ್ಮನವರು ವಾರ್ಡಿನಿಂದ ನನ್ನ ನಂಬರು ಪಡೆದು ಫೋನು ಮಾಡಿ, "ನನ್ನ ಹೆಸರು ದೊಡ್ಡದಾಗಿ ಬರಿಯವಾ" ಎಂದು ಅನುಮತಿ ಕೊಟ್ಟಿದ್ದಾರೆ. ಅವರು ಬದುಕಿರುವುದನ್ನೂ ನನ್ನ ಅಪರಾಧದ ಕಡತಕ್ಕೆ ಸೇರಿಸಿಕೊಳ್ಳಬೇಕಾಗಿ ಪ್ರಾರ್ಥನೆ.

ಸರ್ವರ್ ಎಚ್ಚರವಿರುವಷ್ಟು ಹೊತ್ತು ತಮ್ಮ ವಿಶ್ವಾಸಿ,
ಮಹೇಶ್ವರಿ

ತಾ.ಕ.: ಇದರ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲೂ ಕಳಿಸಿದ್ದೇನೆ. ಅಂಚೆ ಕಚೇರಿಯ ಸಾಲಿನಲ್ಲಿ ಹತ್ತು ಮಂದಿ ಇದ್ದರು. ಅವರಲ್ಲಿ ಒಬ್ಬರನ್ನೂ ಹೊರಗೆ ಹಾಕದೆಯೇ ಅಲ್ಲಿನ ಗುಮಾಸ್ತರು ನನ್ನ ಲಕೋಟೆ ತೆಗೆದುಕೊಂಡರು.