ಆರ್.ಕೆ.ಪುರಂ ಬಿಡದೆ ನಾನು ಅಮೆರಿಕದಲ್ಲಿ ಓದಿದ್ದು

ಬೇರೆಯವರ ಮನೆ ಬಾಗಿಲಿಗೆ ಬೆಳಿಗ್ಗೆ ಹಾಲು ಬರುತ್ತದೆ, ಪೇಪರ್ ಬರುತ್ತದೆ. ನಮ್ಮ ಮನೆಗೆ ಅವೆರಡರ ಜೊತೆ ಒಂದು ಪ್ರಸಂಗವೂ ಬರುತ್ತದೆ. ನಾನು ಬಾಗಿಲು ತೆರೆಯುವುದಷ್ಟೇ. ಅಂಥವುಗಳಲ್ಲೆಲ್ಲ ದೊಡ್ಡದೆಂದರೆ ನಾನು ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಓದಿದ್ದು. ಶರೀರ ಮಾತ್ರ ನನ್ನ ಅಕ್ಕನ ಮಗಳದು; ಬುದ್ಧಿಯೆಲ್ಲ ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಿಂದ ಹೋಗುತ್ತಿತ್ತು.

ಹುಡುಗಿ ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಇಲ್ಲಿನ ಕಾಲೇಜಿನವರು ಅವಳನ್ನು ವಿನಿಮಯ ವಿದ್ಯಾರ್ಥಿಯಾಗಿ ಆರಿಸಿದರು. ಅವಳ ಅಪ್ಪ, ಅಂದರೆ ನಮ್ಮ ಭಾವ, ಸೈನ್ಯದಿಂದ ನಿವೃತ್ತರಾಗಿ ಗುರುಗ್ರಾಮದ ಒಂದು ಆಫೀಸಿನ ಸೆಕ್ಯೂರಿಟಿ ನೋಡಿಕೊಳ್ಳುತ್ತಾರೆ. "ಅಲ್ಲಿ ಫೇಲಾದರೆ ಇಲ್ಲಿ ಒಂದು ವರ್ಷ ಹೋಯಿತು. ಬೇಡ" ಎಂದರು. ಹುಡುಗಿ ನನ್ನ ಮುಖ ನೋಡಿದಳು. ನಾನು ಮೀಸೆ ಮುಟ್ಟಿಕೊಂಡೆ.

ಮೀಸೆ ಎಂದರೆ ಅಂಥಿಂಥದ್ದಲ್ಲ. ಬೇರೆಯವರ ಮೀಸೆಯ ಮೇಲೆ ನಿಂಬೆಹಣ್ಣು ನಿಂತರೆ ನನ್ನದರ ಮೇಲೆ ಮೂಸಂಬಿ ನಿಲ್ಲುತ್ತಿತ್ತು. ಜನವರಿಯ ಮಂಜಿನಲ್ಲಿ ನಾನು ಸ್ಕೂಟರಿನಲ್ಲಿ ಬಂದರೆ ಎದುರಿನವರಿಗೆ ಮೊದಲು ಕಾಣುತ್ತಿದ್ದದ್ದು ಮೀಸೆ, ಆಮೇಲೆ ಹೆಡ್‌ಲೈಟು.

"ಇವಳು ಫೇಲಾದರೆ ಇದನ್ನು ತೆಗೆಸ್ತೀನಿ ಭಾವ. ಪಾಸಾದರೆ ನಿಮ್ಮದು ಹೋಗಬೇಕು" ಎಂದೆ.

ಭಾವನ ಮೀಸೆಯೂ ಕಡಿಮೆಯದಲ್ಲ, ಗಡಿಯಲ್ಲಿ ಹಿಮ ಹೊತ್ತದ್ದು. ಅವರು ಒಂದು ಸಲ ಅದನ್ನು ಸವರಿ ಕೈ ಚಾಚಿದರು. ಹುಡುಗಿ ವಿಮಾನ ಹತ್ತಿದಳು.

ವಿನಮ್ರ ಅರ್ಜಿ

ಹೋದ ಹೊಸದರಲ್ಲೇ ಅವಳಿಗೆ ಜ್ವರ. ಪ್ರಬಂಧ ಬರೆದು ಮುಗಿದಿಲ್ಲ, ಪ್ರೊಫೆಸರಿಗೆ ಏನೆಂದು ಬರೆಯಲಿ ಎಂದು ಫೋನ್ ಮಾಡಿದಳು. ಸಚಿವಾಲಯದಲ್ಲಿ ಜೀವಮಾನವಿಡೀ ಟಿಪ್ಪಣಿ ಬರೆದ ನನ್ನನ್ನು ಕೇಳಬೇಕೆ. ಕಣ್ಣು ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಹೇಳಿ ಬರೆಸಿದೆ: ಈ ಬಡ ವಿದ್ಯಾರ್ಥಿನಿ ಕೈಮುಗಿದು ಬೇಡಿಕೊಳ್ಳುವುದೇನೆಂದರೆ, ತಾವು ದಯವಿಟ್ಟು ಕನಿಕರಿಸಬೇಕು, ಆ ಉಪಕಾರವನ್ನು ನನ್ನ ಕೊನೆಯ ಉಸಿರಿನವರೆಗೂ ಮರೆಯೆನು.

"ಮಾಮ, ಥೋಡಾ ಜಾಸ್ತಿ ಆಯ್ತಲ್ವಾ?"

"ಒಂದಕ್ಷರ ಕಮ್ಮಿಯಾದರೂ ಮಂಜೂರಾಗಲ್ಲ, ಕಳಿಸು."

ಕಳಿಸಿದಳು. ಸ್ವಲ್ಪ ಹೊತ್ತಿಗೆ ಹಾಸ್ಟೆಲ್ ಬಾಗಿಲಿಗೆ ಒಬ್ಬ ಡಾಕ್ಟರು, ಮನಸ್ಸಿನ ಸಮಸ್ಯೆಗಳಿಗೆ ಸಮಾಧಾನ ಹೇಳುವ ಒಬ್ಬ ಹೆಂಗಸು, ಜೊತೆಗೆ ಒಂದು ಡಬ್ಬಿ ಸೂಪು. ಕೊನೆಯ ಉಸಿರಿನ ಮಾತು ಯಾಕೆ ಬಂತು, ನಿನ್ನಿಂದ ಬೇಡಿಸುತ್ತಿರುವವರು ಯಾರು ಎಂದು ಬಹಳ ಮೆಲ್ಲಗೆ ಕೇಳಿದರಂತೆ. ಇವಳು ನಿಜ ಹೇಳಿದಳು. ಗಡುವು ಒಂದು ವಾರ ಮುಂದೆ ಹೋಯಿತು. ಆ ಮಾಮನಿಂದ ಸ್ವಲ್ಪ ದೂರವಿದ್ದರೆ ಒಳ್ಳೆಯದು ಎಂಬ ಸಲಹೆಯೂ ಸಿಕ್ಕಿತು.

ಬಾಗಿಲಲ್ಲಿ ಪ್ಯೂನ್ ಇಲ್ಲ

ಅಲ್ಲಿನ ಮೇಷ್ಟ್ರುಗಳು ವಾರಕ್ಕಿಷ್ಟು ಹೊತ್ತು ಕೋಣೆಯ ಬಾಗಿಲು ತೆರೆದಿಟ್ಟು ಕೂರುತ್ತಾರೆ. ಯಾವ ವಿದ್ಯಾರ್ಥಿ ಬೇಕಾದರೂ ಹೋಗಿ ಅರ್ಥವಾಗದ್ದನ್ನು ಕೇಳಬಹುದು. ಇವಳಿಗೆ ಲೆಕ್ಕದಲ್ಲಿ ಕಷ್ಟ, ಆದರೆ ಹೋಗಲು ಭಯ. ನಮ್ಮ ಕಡೆ ಮೇಷ್ಟ್ರ ಕೋಣೆಗೆ ಹೋಗುವುದು ಬೈಸಿಕೊಳ್ಳುವುದಕ್ಕೆ ಮಾತ್ರ.

ನಾನು ಧೈರ್ಯ ತುಂಬಿದೆ. ಸಾಹೇಬರ ಕೋಣೆಗೆ ಹೋಗುವುದೂ ಒಂದು ವಿದ್ಯೆ. ಮೊದಲು ಹೊರಗೆ ಕೂತ ಪ್ಯೂನನ್ನು ಮಾತಾಡಿಸಿ ಒಳಗಿನ ಹವಾಮಾನ ತಿಳಿದುಕೋ ಎಂದೆ. ಫೋನು ಕಿವಿಗಿಟ್ಟುಕೊಂಡೇ ಬಾಗಿಲಿಗೆ ಹೋದವಳು, ಪ್ಯೂನೇ ಇಲ್ಲ ಎಂದಳು. ಹಾಗಾದರೆ ಇಣುಕಿ ನೋಡು. ನೋಡಿದಳು. ಪ್ರೊಫೆಸರು ಸೇಬು ತಿನ್ನುತ್ತಿದ್ದರು. ತಿನ್ನುವಾಗ ಸಾಹೇಬರು ಸೀಟಿನಲ್ಲಿಲ್ಲ ಎಂದೇ ಅರ್ಥ, ಕಾಯಬೇಕು ಎಂದೆ. ಕಾದಳು. ಅವರು ಸೇಬು ಮುಗಿಸಿ, ಕೈ ಒರೆಸಿಕೊಂಡು ಕ್ಲಾಸಿಗೆ ಹೋದರು.

ಮುಂದಿನ ವಾರ ಮತ್ತೆ ಸೇಬು, ಮತ್ತೆ ಇವಳು ಗೋಡೆಗೊರಗಿ. ಈ ಸಲ ಅವರೇ ಹೊರಗೆ ತಲೆಹಾಕಿ, ಯಾಕಮ್ಮ ಇಲ್ಲಿ ನಿಂತಿದ್ದೀಯ ಎಂದರು. ನೀವು ತಿಂದು ಮುಗಿಸಲಿ ಅಂತ, ಎಂದಳು. ಒಳಗೆ ಕರೆದು, ಲೆಕ್ಕ ಹೇಳಿಕೊಟ್ಟು, ಚೀಲದಲ್ಲಿದ್ದ ಇನ್ನೊಂದು ಸೇಬನ್ನು ಅವಳ ಕೈಗಿಟ್ಟು ಕಳಿಸಿದರಂತೆ.

ನನ್ನ ಇಡೀ ಸರ್ವೀಸಿನಲ್ಲಿ ಸಾಹೇಬರ ಕೋಣೆಯ ಒಳಗೆ ಮಿಠಾಯಿ ಡಬ್ಬಿ ಹೋಗುವುದನ್ನು ನೋಡಿದ್ದೇನೆ. ಹಣ್ಣು ಹೊರಗೆ ಬಂದದ್ದನ್ನು ಕೇಳಿದ್ದು ಅದೇ ಮೊದಲು.

ಎದುರು ಮಾತಿಗೆ ಮಾರ್ಕ್ಸ್

ಇನ್ನೊಂದು ಕ್ಲಾಸಿನಲ್ಲಿ ಮಾತಾಡದಿದ್ದರೆ ಮಾರ್ಕ್ಸ್ ಕಳೆಯುತ್ತಾರಂತೆ. ಮೇಷ್ಟ್ರು ಹೇಳಿದ್ದನ್ನು ಒಪ್ಪದೆ ವಾದ ಮಾಡಬೇಕು. ಫೌಜಿ ಅಪ್ಪನ ಸೈನ್ಯದ ಶಿಸ್ತಿನ ಮನೆಯಲ್ಲಿ "ಹ್ಞೂಂ ಅಪ್ಪ" ಎಂದೇ ಬೆಳೆದ ಹುಡುಗಿಗೆ ವಾದ ಎಲ್ಲಿಂದ ಬರಬೇಕು? ಮೀಸೆಗೆ ಕಂಟಕ ಬಂತಲ್ಲ ಎಂದು ನಾನೇ ತರಬೇತಿಗೆ ಇಳಿದೆ. ದಿನಾ ತಿಂಡಿಯ ಹೊತ್ತಿಗೆ ಫೋನು. ನಾನು ಏನು ಹೇಳಿದರೂ ಅವಳು ಅಲ್ಲ ಎನ್ನಬೇಕು. ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಕುರ್ತಾ ಚೌಕಾಸಿ ಮಾಡುವಾಗ ಅಂಗಡಿಯ ಭಯ್ಯಾನ ಮುಂದೆ ಏನು ಮಾಡ್ತೀಯ, ಅದನ್ನೇ ಮೇಷ್ಟ್ರ ಮುಂದೆ ಮಾಡು ಎಂದೆ. ಹದಕ್ಕೆ ಬಂದಳು.

ಒಂದು ದಿನ ಭಾವನಿಂದ ಫೋನು. "ಏನೋ ಇದು, ಬೇಗ ಮಲಗು ಅಂದರೆ ಮೂರು ಕಾರಣ ಕೊಟ್ಟು ಯಾಕೆ ಮಲಗಬಾರದು ಅಂತಾಳೆ?"

"ಮಾರ್ಕ್ಸ್ ಇದೆ ಭಾವ" ಎಂದೆ.

ಭಾವ ದನಿ ತಗ್ಗಿಸಿ ಕೇಳಿದರು: "ನಿಮ್ಮಕ್ಕನೂ ಅಲ್ಲೇ ಓದಿದ್ದಾ?"

ಎರಡು ಮೀಸೆ

ಕೊನೆಗೆ ಫಲಿತಾಂಶ. ಮನೆಯವರ ಗ್ರೂಪಿನಲ್ಲಿ ಅವಳ ಮೆಸೇಜು: "3.6 ಬಂತು." ಅಷ್ಟೇ.

ನಮ್ಮ ದೆಹಲಿ ಕಾಲೇಜುಗಳಲ್ಲಿ ಹತ್ತಕ್ಕೆ ಲೆಕ್ಕ. ಹತ್ತಕ್ಕೆ ಮೂರು ಪಾಯಿಂಟ್ ಆರು ಎಂದರೆ ಹುಡುಗಿಯ ವರ್ಷವೂ ಹೋಯಿತು, ನನ್ನ ಮೀಸೆಯೂ ಹೋಯಿತು. ಗ್ರೂಪಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಭಾವ ಮಾತ್ರ ಬರೆದರು: "ನಾಳೆ ಭಾನುವಾರ. ಸಲೂನ್ ತೆರೆದಿರುತ್ತದೆ."

ಮಾತು ಮಾತೇ. ಹೋಗಿ ಕೂತೆ. ಸಲೂನಿನ ಭಯ್ಯಾ ಎರಡೆರಡು ಸಲ ಕೇಳಿ, ಮನಸ್ಸಿಲ್ಲದ ಮನಸ್ಸಿನಿಂದ ಎಡಗಡೆಯದನ್ನು ತೆಗೆದ. ಆಗ ಫೋನು ಬಂತು.

"ಮಾಮ, ಯಾರೂ ಕಂಗ್ರಾಟ್ಸ್ ಕೂಡ ಹೇಳಲಿಲ್ಲ. ನಾಲ್ಕಕ್ಕೆ ಮೂರು ಪಾಯಿಂಟ್ ಆರು, ಕಮ್ಮೀನಾ?"

ಕನ್ನಡಿ ನೋಡಿಕೊಂಡೆ. ಬಲಗಡೆ ಗೆದ್ದಿತ್ತು, ಎಡಗಡೆ ಸೋತಿತ್ತು. ಭಯ್ಯಾ ಕತ್ತಿ ಹಿಡಿದುಕೊಂಡೇ, "ಅಂಕಲ್‌ಜೀ, ದೂಸ್ರಾ ಸೈಡ್?" ಎಂದ. ಅರ್ಧ ಮೀಸೆಯಲ್ಲಿ ಸಚಿವಾಲಯಕ್ಕೆ ಹೋಗುವುದು ಹೇಗೆ? ತೆಗೆಸಿದೆ.

ಭಾವನಿಗೆ ಲೆಕ್ಕ ತಿಳಿಸಿದೆ. ಮಾರನೆಯ ದಿನ ಬಂದರು. ಮೀಸೆ ಇರಲಿಲ್ಲ, ಮುಖವೂ ಅವರದೆನ್ನಿಸಲಿಲ್ಲ. "ಸೋತು ಬೋಳಿಸಿಕೊಂಡವನು ನಾನು. ಗೆದ್ದು ಬೋಳಿಸಿಕೊಂಡವನು ಲೋಕದಲ್ಲಿ ನೀನೊಬ್ಬನೇ" ಎಂದರು.

ಹುಡುಗಿಗೆ ಹೇಳಲಿಲ್ಲ, ಬಂದಾಗ ನೋಡಿ ನಗಲಿ ಎಂದು. ಅವಳು ವಿಡಿಯೋ ಕಾಲ್ ಮಾಡಿದಾಗೆಲ್ಲ ಕ್ಯಾಮೆರಾ ಕೆಟ್ಟಿದೆ ಎಂದೆ. ಭಾವನ ಕ್ಯಾಮೆರಾವೂ ಅದೇ ವಾರ ಕೆಟ್ಟಿತು.

ಏರ್‌ಪೋರ್ಟಿಗೆ ಎಲ್ಲರೂ ಹೋದೆವು. ನಮ್ಮಮ್ಮನೂ ಮೊಮ್ಮಗಳನ್ನು ನೋಡಲೇಬೇಕೆಂದು ಹಟ ಮಾಡಿ ಬಂದಿದ್ದರು. ನಿಲ್ಲಲಾರದೆ ಕಂಬದ ಹಿಂದಿನ ಬೆಂಚಿನಲ್ಲಿ ನನ್ನ ಹೆಂಡತಿ, ಅಕ್ಕನ ಜೊತೆ ಕೂತಿದ್ದರು. ಹುಡುಗಿ ಟ್ರಾಲಿ ತಳ್ಳಿಕೊಂಡು ಬಂದವಳು ನಮ್ಮಿಬ್ಬರನ್ನೂ ದಾಟಿ ಹೋಗಿಬಿಟ್ಟಳು. ಕೂಗಿದೆ. ತಿರುಗಿ ನನ್ನ ಬೋಳು ಮೂತಿ ನೋಡಿದಳು, ಅಪ್ಪನದು ನೋಡಿದಳು. ಅವಳ ಮುಖದ ಬಣ್ಣ ಇಳಿದುಹೋಯಿತು.

"ಮಾಮ... ಅಜ್ಜಿ?"

ನಾನು ಬಾಯಿ ತೆರೆಯುವ ಮೊದಲೇ ಸೂಟ್‌ಕೇಸಿನ ಮೇಲೆ ಕುಸಿದು ಅಳತೊಡಗಿದಳು. ಅದಕ್ಕೇ ಮುಖ ತೋರಿಸ್ತಿರಲಿಲ್ಲ, ನನಗ್ಯಾಕೆ ಹೇಳಲಿಲ್ಲ, ಎಂದು ಬಿಕ್ಕಿದಳು. ಸುತ್ತಲಿನ ಟ್ಯಾಕ್ಸಿಯವರು ಟೋಪಿ ತೆಗೆದು ನಿಂತರು. ಸಮಾಧಾನ ಮಾಡಲು ಹೋದ ಭಾವ ತಾವೇ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಕಂಬದ ಹಿಂದಿನಿಂದ ಅಮ್ಮ ಚಕ್ಕುಲಿ ಅಗಿಯುತ್ತಾ ಮೆಲ್ಲಗೆ ಬಂದರು. ಮೊಮ್ಮಗಳನ್ನು ನೋಡಿದರು, ನಮ್ಮಿಬ್ಬರನ್ನೂ ನೋಡಿದರು, ಎಲ್ಲ ಅರ್ಥವಾಯಿತು.

"ಅಳಬೇಡ ಕಣೇ, ನಾನಿನ್ನೂ ಇದ್ದೀನಿ. ಹೋಗಿದ್ದು ಇವರಿಬ್ಬರ ಮೀಸೆ" ಎಂದು ಅವಳ ತಲೆ ಸವರಿ, ಹಿಂದೆಯೇ ಬಂದ ನನ್ನ ಹೆಂಡತಿಯ ಕಡೆ ತಿರುಗಿದರು. "ಹದಿಮೂರನೇ ದಿನಕ್ಕೆ ವಡೆ, ಪಾಯಸ ಮಾಡು. ನಾನೇ ಮುಂದೆ ಕೂತು ಉಣ್ತೀನಿ."