ಆಟೋ ಅಲ್ಲ, ಕಾರು!

ಕಾರಿಲ್ಲದವನು ಬಸ್ಸು ಹತ್ತುತ್ತಾನೆ, ಕಾರಿದ್ದವನು ಕಾರು ಹತ್ತುತ್ತಾನೆ. ಬಿಚ್ಚಿ ಹರವಿದ ಕಾರಿನ ಯಜಮಾನ ಮಾತ್ರ ಯಾವುದನ್ನೂ ಹತ್ತುವಂತಿಲ್ಲ. ಬಸ್ ನಿಲ್ದಾಣದಲ್ಲಿ ಕಾಣಿಸಿಕೊಂಡರೆ ಸಾಕು, ‘ಏನ್ ಸ್ವಾಮಿ, ಕಾರೇನಾಯ್ತು?’ ಎಂದು ಹತ್ತು ಜನ ಸುತ್ತುವರಿಯುತ್ತಾರೆ. ಅರಸೀಕೆರೆಯಲ್ಲಿ ನಾನು ಒಂದು ಬೇಸಗೆಯಿಡೀ ಹೀಗೆ ಕಳೆದೆ. ಜ್ವರ ಬಂದು ಮಲಗಿದಾಗ ನನ್ನನ್ನು ಯಾರೂ ಇಷ್ಟು ವಿಚಾರಿಸಿರಲಿಲ್ಲ. ಕೊನೆಗೆ ಸಂದಿಗೊಂದಿಗಳಲ್ಲೇ ತಲೆತಗ್ಗಿಸಿ ಕಚೇರಿ ಸೇರುವುದು ರೂಢಿಯಾಯಿತು.

ಬೇಲೂರಿನಾಚೆ ಕಾಫಿ ತೋಟದ ಸಾಹುಕಾರರೊಬ್ಬರ ಶೆಡ್ಡಿನಲ್ಲಿ ಕೋಳಿಗಳು ಕಾವು ಕೂರುತ್ತಿದ್ದ ಜಪಾನಿನ ಕಾರು ಅದು. ಗುಮಾಸ್ತನಾದ ನನಗೆ ಅದೇಕೆ ಬೇಕಿತ್ತು ಎಂದು ನೀವು ಕೇಳಬೇಡಿ. ಮನೆಯಲ್ಲಿ ಹೆಂಡತಿ ಶಾರದ ದಿನಾ ಕೇಳುತ್ತಾಳೆ, ಅಷ್ಟು ಸಾಕು. ಎರಡೇ ಬಾಗಿಲು, ಎರಡೇ ಪೆಡಲು. ಕ್ಲಚ್ಚು ಇಲ್ಲವೇ ಇಲ್ಲ, ಗೇರು ತಾನಾಗಿಯೇ ಬೀಳುತ್ತದೆ. ಎಂಜಿನ್ನೂ ಲೋಕದ ಎಂಜಿನ್ನಿನಂತಲ್ಲ. ಪಿಸ್ಟನ್ನಿನ ಬದಲು, ಉಬ್ಬಿದ ಸಮೋಸದಂಥ ಎರಡು ಕಬ್ಬಿಣದ ತ್ರಿಕೋನಗಳು ಒಳಗೆ ಗಿರಗಿರ ತಿರುಗುತ್ತವೆ. ತಿರುಗುತ್ತಿದ್ದಷ್ಟು ದಿನ ಚೆನ್ನಾಗಿಯೇ ತಿರುಗಿದವು. ಆ ಹುಮ್ಮಸ್ಸಿನಲ್ಲಿ ಭಾಮೈದ ನಾಗೇಂದ್ರನ ಮದುವೆ ಗೊತ್ತಾದಾಗ, ಮಾವನವರ ಮನೆಯಲ್ಲಿ ಎಲ್ಲರೆದುರು, “ಮದುಮಗ ಛತ್ರಕ್ಕೆ ಬರೋದು ನನ್ನ ಕಾರಲ್ಲೇ” ಎಂದುಬಿಟ್ಟೆ. ಹೆಣ್ಣಿನವರು ಹಳೇಬೀಡಿನವರು, ಮದುವೆ ಮಾತ್ರ ನಮ್ಮೂರಿನ ಛತ್ರದಲ್ಲೇ. ಅಲ್ಲಿಗೂ ಸುದ್ದಿ ಮುಟ್ಟಿತು. ಅಳಿಯನ ಮಾತೆಂದರೆ ಮಾತು ಎಂದು ಮಾವ ಬೇರೆ ಕಾರನ್ನೇ ಗೊತ್ತುಮಾಡಲಿಲ್ಲ. ಅದಾದ ಮೇಲೆ ಒಂದು ದಿನ ಗಂಡಸಿ ರಸ್ತೆಯಲ್ಲಿ ಎಂಜಿನ್ನು ಕೆಮ್ಮಿತು, ಹೊಗೆ ಉಗುಳಿತು, ನಿಂತೇ ಹೋಯಿತು.

ಮೆಕ್ಯಾನಿಕ್ ಬಷೀರ್ ಅದನ್ನು ನಮ್ಮ ಮನೆಯಂಗಳದಲ್ಲೇ ಬಿಚ್ಚಿದ. ಶಾರದಳ ಸಂಡಿಗೆ ಒಣಗುವ ಜಾಗದಲ್ಲೆಲ್ಲ ನಟ್ಟು ಬೋಲ್ಟು ಒಣಗತೊಡಗಿದವು. ಒಳಗಿನ ತ್ರಿಕೋನಗಳು ಸವೆದಿದ್ದವು. ವಿದೇಶಿ ಕಾರುಗಳ ಸಾಮಾನು ಮಾರುವ ಬೆಂಗಳೂರಿನ ಅಂಗಡಿಯೊಂದರಿಂದ ಬೇರೆ ತರಿಸಿದ್ದೂ ಆಯಿತು. ಆದರೆ ಅವು ಬೇರೆ ವರ್ಷದವು, ಹಳೆಯವಕ್ಕಿಂತ ಹಗುರ. ಈ ತ್ರಿಕೋನಗಳು ಒಂದು ಪಕ್ಕಕ್ಕೆ ವಾಲಿಕೊಂಡೇ ತಿರುಗುತ್ತವಂತೆ. ಆ ವಾಲುವಿಕೆಯನ್ನು ಸರಿದೂಗಿಸಲು ಹಿಂದೊಂದು ಮುಂದೊಂದು ಕಬ್ಬಿಣದ ತೂಕ ಕೂರಿಸಬೇಕು. ಅದೇ ಕೌಂಟರ್ ವೇಯ್ಟ್. ತ್ರಿಕೋನ ಬದಲಾದರೆ ತೂಕವೂ ಅದಕ್ಕೆ ಹೊಂದುವಂಥದ್ದೇ ಆಗಬೇಕು. ಇಲ್ಲದಿದ್ದರೆ ಎಂಜಿನ್ನು ನಡುಗಿ ನಡುಗಿ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ಇದನ್ನೆಲ್ಲ ಮಾವನವರಿಗೆ ವಿವರಿಸುವಷ್ಟರಲ್ಲಿ ನಾನೇ ನಡುಗುತ್ತಿದ್ದೆ. ಮಾವನವರದು ಕೊಬ್ಬರಿ ಮಂಡಿ. ಹುಟ್ಟಿದಾಗಿನಿಂದ ತಕ್ಕಡಿ ಕಂಡವರು. ಆಳೂ ಭಾರಿ. ಅವರು ಬೆಂಚಿನ ಈ ತುದಿಯಲ್ಲಿ ಕೂತರೆ ಆ ತುದಿ ನೆಲ ಬಿಡುತ್ತದೆ. “ಅಳಿಯಂದ್ರೇ, ಒಂದು ತಟ್ಟೆ ಮೇಲಕ್ಕೆದ್ರೆ ಅದ್ರಾಗೆ ಒಂದು ಕಲ್ಲಿಟ್ರೆ ಆಯ್ತು. ಇದುಕ್ಕೆ ಬೆಂಗಳೂರು ಯಾಕೆ?” ಎಂದರು.

ನಾನು ಅಂಗಡಿಗೆ ಮತ್ತೆ ಹೇಳಿಕಳಿಸಿದೆ, ಆ ತ್ರಿಕೋನಗಳಿಗೆ ಹೊಂದುವ ತೂಕಗಳನ್ನು ಕಳಿಸಿ ಎಂದು. ಕಳಿಸುವ ಮುಂಚೆ ಏನಾದರೂ ಕೇಳುವುದಿದ್ದರೆ ಇರಲಿ ಎಂದು ಮಂಡಿಯ ಫೋನ್ ನಂಬರು ಕೊಟ್ಟಿದ್ದೆ, ನಮ್ಮ ಮನೆಯಲ್ಲಿ ಫೋನಿರಲಿಲ್ಲವಲ್ಲ. ರೈಲಿನಲ್ಲಿ ಪಾರ್ಸಲ್ಲು ಬಂತು. ಗೋಣಿ ಬಿಚ್ಚಿದರೆ, ನಮ್ಮ ಹಳೆಯ ತೂಕದ ತುಂಡಿಗೆ ಏನೇನೂ ಸಂಬಂಧವಿಲ್ಲದ, ಸುತ್ತ ಹಲ್ಲಿದ್ದ ದಪ್ಪ ಚಕ್ರ. ಬಷೀರ್ ಅದನ್ನು ಹಿಂದಕ್ಕಿಟ್ಟು ನೋಡಿದ, ಮುಂದಕ್ಕಿಟ್ಟು ನೋಡಿದ, ಆಮೇಲೆ ನನ್ನ ಮುಖ ನೋಡಿದ. “ಇದು ಎಲ್ಲೂ ಕೂರಾಕಿಲ್ಲ ಸಾರ್.” ಮಂಡಿಗೆ ಓಡಿ ಅಂಗಡಿಗೆ ಫೋನ್ ಮಾಡಿದೆ. “ಗೇರ್ ಹಾಕೋ ಗಾಡಿಗೆ ಇದೇ ಸಾರ್, ತೂಕ ಈ ಚಕ್ರದಲ್ಲೇ ಸೇರಿರತ್ತೆ. ಆಟೋಮ್ಯಾಟಿಕ್ ಆದ್ರೆ ಮಾತ್ರ ಬೇರೆ ತುಂಡು. ನಾವು ಕೇಳಿದ್ವಲ್ಲ, ಆಟೋನಾ ಅಂತ? ಅಲ್ಲ ಅಂದ್ರಲ್ಲ!” ಎಂದರು. ಫೋನಿಟ್ಟು ಮಾವನವರ ಕಡೆ ತಿರುಗಿದೆ.

“ಮಾವ, ಬೆಂಗಳೂರಿಂದ ಫೋನ್ ಬಂದಿತ್ತಾ?”

“ಬಂದಿತ್ತಲ್ಲ. ಯಾವನೋ ತಲೆಹರಟೆ. ಗಾಡಿ ಆಟೋನಾ ಅಂತ ಕೇಳ್ದ. ಮೈಯೆಲ್ಲಾ ಉರ್ದೋಯ್ತು ನಂಗೆ. ನಮ್ ಅಳಿಯಂದ್ರೇನು ಸ್ಟೇಷನ್ ಮುಂದೆ ಆಟೋ ಓಡುಸ್ತಾರಾ? ಆಟೋ ಅಲ್ಲ ಕಣಯ್ಯಾ, ಕಾರು! ಅಂದೆ. ಇನ್ನೊಂದ್ಸಲ ಕೇಳ್ದ, ಸರಿಯಾಗಿ ಉಗಿದೆ ನೋಡಿ.”

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ನನ್ನ ಮರ್ಯಾದೆ ಉಳಿಸಲೆಂದು ಫೋನಿನಲ್ಲಿ ಜಗಳವಾಡಿದ, ಹೆಣ್ಣು ಕೊಟ್ಟ ಮಾವನ ಮೇಲೆ ಹೇಗೆ ರೇಗಲಿ? “ಒಳ್ಳೇದು ಮಾಡಿದ್ರಿ” ಎಂದು ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ. ಶಾರದಳ ಮುಂದೆ ಆ ಸಿಟ್ಟನ್ನೆಲ್ಲ ಕಾರಿಕೊಂಡರೆ ಅವಳು, “ನಮ್ಮಪ್ಪ ಹೇಳಿದ್ದರಲ್ಲಿ ತಪ್ಪೇನ್ರೀ? ಅದು ಕಾರೇ ಅಲ್ವಾ?” ಎಂದಳು. ಸರಿಯಾದ ತೂಕ ಮದುವೆಯೊಳಗೆ ಬರುವುದು ಸಾಧ್ಯವಿಲ್ಲವೆಂದು ಅಂಗಡಿಯವರು ಕೈಯೆತ್ತಿದರು. ಊರಿನ ಬಾಡಿಗೆ ಕಾರುಗಳೆಲ್ಲ ಅದೇ ಮುಹೂರ್ತದ ಬೇರೆ ಬೇರೆ ಮದುವೆಗಳಿಗೆ ಹೋಗಿದ್ದವು. ಜಾವಗಲ್ಲಿನ ನೆಂಟರೊಬ್ಬರ ಕಾರನ್ನು ಕೇಳಿದರೆ, “ನಿಮ್ದೇ ಜಪಾನಿಂದು ಐತಂತಲ್ಲ!” ಎಂದು ನಕ್ಕುಬಿಟ್ಟರು.

ಕೊನೆಗೆ ನಾಗೇಂದ್ರ ಪೇಟ, ಬಾಸಿಂಗ ಕಟ್ಟಿಕೊಂಡು ಹತ್ತಿದ್ದು ಆಟೋ. ಅವನೂ ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ. ಅವನ ಎಡಕ್ಕೆ ಮಾವ ಕೂತೊಡನೆ ಇಡೀ ಗಾಡಿ ಎಡಕ್ಕೆ ವಾಲಿತು. ಡ್ರೈವರು ಇಳಿದು ಹಿಂದೆ ಮುಂದೆ ನೋಡಿ, ಪಕ್ಕದಲ್ಲಿ ಪೆಚ್ಚಾಗಿ ನಿಂತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದ. “ಸಾರ್, ನೀವು ಬಲಕ್ಕೆ ಬನ್ನಿ. ಆ ತೆಂಗಿನಕಾಯಿ ಚೀಲ ತೊಡೆ ಮ್ಯಾಲಿಟ್ಕಳಿ. ಹ್ಞಾ, ಈಗ ಸಮ ಆಯ್ತು.” ಬೆಂಗಳೂರಿನ ಅಂಗಡಿಯವರು ಕಳಿಸಲಾರದೆ ಹೋದ, ಆಟೋಗೆ ಹೊಂದುವ ಕೌಂಟರ್ ವೇಯ್ಟು ನಾನೇ ಎಂದು ಆಗ ತಿಳಿಯಿತು. ಛತ್ರದವರೆಗೆ ಗಾಡಿ ಒಂದಿಷ್ಟೂ ನಡುಗಲಿಲ್ಲ.

ಛತ್ರದ ಬಾಗಿಲಲ್ಲಿ ಹಳೇಬೀಡಿನವರು ಆರತಿ ಹಿಡಿದು ಜಪಾನ್ ಕಾರಿನ ದಾರಿ ಕಾಯುತ್ತಿದ್ದರು. ಮಾವ ಮೊದಲು ಇಳಿದರು. ಇಳಿದದ್ದೇ ಆಟೋ ಧಡಕ್ಕನೆ ನನ್ನ ಕಡೆಗೆ ವಾಲಿ, ಚೀಲದ ಬಾಯಿ ಬಿಚ್ಚಿ, ಕಾಯಿಗಳೂ ಅವುಗಳ ಹಿಂದೆ ನಾನೂ ರಸ್ತೆಗೆ ಬಿದ್ದೆವು. “ಕಾರು ಅಂದಿದ್ರಲ್ಲ ಬೀಗರೇ?” ಎಂದು ಹೆಣ್ಣಿನ ತಂದೆ ಕೇಳುವುದು ಕೇಳಿಸಿತು.

“ಕಾರೇ ಬರ್ತಿತ್ತು ಕಣ್ರೀ” ಎಂದರು ಮಾವ, “ಬೆಂಗಳೂರಿನೋನು ಮೊದ್ಲೇ ‘ಆಟೋನಾ’ ಅಂತ ಅಪಶಕುನ ನುಡುದ್ಬಿಟ್ಟ.”

ಎಲ್ಲರೂ ನಿಜವೆಂದು ತಲೆದೂಗಿದರು. ನಾನು ಚಕ್ರದಡಿಗೆ ಉರುಳಿದ್ದ ಕೊನೆಯ ಕಾಯಿಗೆ ಕೈ ಚಾಚುತ್ತಿದ್ದೆ. ಅಲ್ಲಿಂದಲೇ ನಾನೂ ತಲೆದೂಗಿದೆ.